ಪೀಸಿಗೆ ಸೆಕೆ ಆಗುದಿಲ್ಲ, ಮಂಡೆಬಿಸಿ ಮಾತ್ರ ಆಗುದು

ಪ್ರಶ್ನೆ: ಕಾಪು ಹತ್ತಿರ ನಮ್ಮ ಮನೆ, ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಇರ್ಬಹುದು. ಯಕ್ಷಗಾನ, ಮದುವೆ ವಿಡಿಯೋ ಎಡಿಟ್ ಮಾಡುದು ಕೆಲಸ. ಪೀಸಿಯ ಸಿಪಿಯು ಇಂಟೆಲ್ ಐ5 12400ಎಫ್, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060, ಬಾಕ್ಸಲ್ಲಿ ಬಂದ ಕೂಲರೇ ಉಂಟು, ಕಂಪ್ಯೂಟರ್ ಟೇಬಲಿನ ಕೆಳಗಿನ ಖಾನೆಯಲ್ಲಿ ಇಟ್ಟದ್ದು. ಮಾರ್ಚಿನಿಂದ ಎಕ್ಸ್‌ಪೋರ್ಟ್ ಹಾಕಿದ ಸ್ವಲ್ಪ ಹೊತ್ತಲ್ಲೇ ಸಿಪಿಯು 100 ಡಿಗ್ರಿ ತೋರಿಸ್ತದೆ, ಎರಡು ಸಲ ಸೀದಾ ಆಫ್ ಆಯ್ತು. ಹೊರಗೆ ಎಳೆದು ಸೈಡ್ ಡೋರ್ ತೆಗ್ದು ಟೇಬಲ್ ಫ್ಯಾನ್ ಇಟ್ರೆ 82ಕ್ಕೆ ನಿಲ್ತದೆ. ಅಂಗಡಿಯವರು ಲಿಕ್ವಿಡ್ ಕೂಲರ್ ಹಾಕಿ, ಒಂಬತ್ತು ಸಾವಿರ ಆಗ್ತದೆ ಅಂತಾರೆ. ಹಾಕ್ಬೇಕಾ, ಅಲ್ಲ ರೂಮಿಗೆ ಎಸಿ ಹಾಕುದಾ? ನಮ್ಮ ಊರಿನ ಸೆಕೆಗೆ ಪೀಸಿ ಬಾಳಿಕೆ ಬರುದೇ ಇಲ್ವಾ?

ಉತ್ತರ: ಒಂಬತ್ತು ಸಾವಿರ ಸದ್ಯಕ್ಕೆ ಕಿಸೆಯಲ್ಲೇ ಇರ್ಲಿ. ಟೇಬಲ್ ಫ್ಯಾನ್ ಇಟ್ಟದ್ದಕ್ಕೆ ಯಾರಾದ್ರೂ ನಗಾಡಿದ್ರೆ ಅವರನ್ನೂ ಬಿಡಿ, ಯಾಕಂದ್ರೆ ಗೊತ್ತಿಲ್ಲದೇ ನೀವು ಅರ್ಧ ಟೆಸ್ಟ್ ಮಾಡಿ ಮುಗಿಸಿದ್ದೀರಿ. ಡೋರ್ ತೆಗ್ದ ಕೂಡ್ಲೆ 100 ಇದ್ದದ್ದು 82 ಆಗ್ತದೆ ಅಂದ್ರೆ ಕೂಲರ್ ಪಾಪ ತನ್ನ ಕೆಲಸ ಮಾಡ್ತಾ ಉಂಟು, ಅದಕ್ಕೆ ಸಿಗುವ ಗಾಳಿಯೇ ಬಿಸಿ ಅಂತ ಅರ್ಥ. ಡೋರ್ ತೆಗ್ದ್ರೂ ಎರಡೋ ಮೂರೋ ಡಿಗ್ರಿ ಮಾತ್ರ ಇಳಿದಿದ್ರೆ ಆಗ ನಾನು ಕೂಲರ್ ಸರಿ ಕೂತಿಲ್ಲ, ಸಿಪಿಯುಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಒಣಗಿದೆ ಅಂತ ಹೇಳ್ತಿದ್ದೆ.

ನಿಮ್ಮ ಕೊನೆ ಪ್ರಶ್ನೆಯನ್ನೇ ಮೊದಲು ತೆಗೊಳ್ತೇನೆ, ನಮ್ಮ ಕಡೆ ಎಲ್ಲರಿಗೂ ಇರುವ ತಪ್ಪು ಕಲ್ಪನೆ ಅದು. ಸೆಕೆ ಬೇರೆ, ಬಿಸಿ ಬೇರೆ ಮಾರಾಯ್ರೆ. ಸೆಕೆ ಅಂದ್ರೆ ನಮ್ಮ ಬೆವರು ಆರದೇ ಇರುದು. ಗಾಳಿಯಲ್ಲಿ ಮೊದಲೇ ನೀರು ತುಂಬಿರ್ತದೆ, ಮೈಮೇಲಿನ ನೀರು ಹೋಗ್ಲಿಕ್ಕೆ ಜಾಗ ಇಲ್ಲ, ಹಾಗಾಗಿ 33 ಡಿಗ್ರಿಗೇ ನಾವು ಅಯ್ಯಯ್ಯೋ ಅಂತೇವೆ, ಅದೇ 40 ಇರುವ ಕಲಬುರ್ಗಿಯಲ್ಲಿ ನೆರಳಲ್ಲಿ ಕೂತ್ರೆ ಒಂದು ಮಟ್ಟಿಗೆ ತಡ್ಕೊಳ್ಬಹುದು. ಕಂಪ್ಯೂಟರ್ ಬೆವರುದಿಲ್ಲ ಅಲ್ವಾ, ಅದರ ಬಿಸಿಯ ಮಟ್ಟಿಗೆ ಗಾಳಿ ಎಷ್ಟು ಒದ್ದೆ ಅನ್ನುದು ಲೆಕ್ಕಕ್ಕೇ ಇಲ್ಲ, ಎಷ್ಟು ಡಿಗ್ರಿ ಅನ್ನುದು ಮಾತ್ರ. ಆ ಲೆಕ್ಕದಲ್ಲಿ ನೋಡಿದ್ರೆ ಮೇ ತಿಂಗಳಲ್ಲಿ ಉಡುಪಿಯ ಪೀಸಿ ಕಲಬುರ್ಗಿಯ ಪೀಸಿಗಿಂತ ಸುಖದಲ್ಲಿ ಉಂಟು! ಫ್ಯಾನ್ ವಿಷಯವೂ ಹಾಗೆಯೇ. ಸೀಲಿಂಗ್ ಫ್ಯಾನ್ ಹಾಕಿದ್ರೆ ನಮಗೆ ತಂಪಾಗುದು ಬೆವರು ಆರುವ ಕಾರಣಕ್ಕೆ, ರೂಮಿನ ಗಾಳಿ ಒಂದು ಡಿಗ್ರಿಯೂ ಇಳಿದಿರುದಿಲ್ಲ. ಹಾಗಾಗಿ "ಫ್ಯಾನ್ ಫುಲ್ ಸ್ಪೀಡಲ್ಲಿ ಉಂಟು, ಆದ್ರೂ ಪೀಸಿ ಬಿಸಿ" ಅಂತ ಹೇಳುದ್ರಲ್ಲಿ ಆಶ್ಚರ್ಯ ಎಂತದೂ ಇಲ್ಲ.

ಪೀಸಿಯ ಟೆಂಪರೇಚರ್ ಯಾವಾಗ್ಲೂ ರೂಮಿನ ಟೆಂಪರೇಚರ್ ಮೇಲೆ ಕೂತಿರ್ತದೆ. ರೂಮ್ 33 ಇದ್ರೆ, ಕೂಲರ್ ಸಿಪಿಯುವನ್ನು ರೂಮಿಗಿಂತ 45 ಹೆಚ್ಚಲ್ಲಿ ಹಿಡಿಯುವಂಥದ್ದಾದ್ರೆ 78. ಡಿಸೆಂಬರಲ್ಲಿ ರೂಮ್ 27 ಆದ್ರೆ ಅದೇ ಸಿಪಿಯು 72, ಇಷ್ಟೇ ಕಥೆ. ಯಾರಾದ್ರೂ ಬೆಂಗಳೂರಿನವರು "ನನ್ನದು 65 ದಾಟುದಿಲ್ಲ" ಅಂತ ಫೋಟೋ ಹಾಕಿದ್ರೆ ಅದನ್ನು ನೋಡಿ ನೀವು ಮಂಡೆಬಿಸಿ ಮಾಡ್ಲಿಕ್ಕಿಲ್ಲ, ಅವರ ರೂಮ್ ಎಷ್ಟಿತ್ತು ಅಂತ ಕೇಳಿ. ಒಂದು ಸಣ್ಣ ಥರ್ಮಾಮೀಟರ್ ತೆಗೊಂಡು ಟೇಬಲ್ ಮೇಲಲ್ಲ, ಕ್ಯಾಬಿನೆಟ್ (ಪೀಸಿಯ ಡಬ್ಬಿ) ಗಾಳಿ ಎಳೆಯುವ ಜಾಗದಲ್ಲಿ ಇಡಿ. ನಿಮ್ಮ ಟೇಬಲ್ ಖಾನೆಯೊಳಗೆ ಎಕ್ಸ್‌ಪೋರ್ಟ್ ಹಾಕಿ ಅರ್ಧ ಗಂಟೆ ಆದ್ಮೇಲೆ ಅದು 45 ತೋರಿಸಿದ್ರೂ ನನಗೆ ಆಶ್ಚರ್ಯ ಆಗುದಿಲ್ಲ. ಡೋರ್ ತೆಗ್ದಾಗ ನಿಮ್ಮದು 82, ರೂಮ್ 33 ಅಂತಿಟ್ಕೊಂಡ್ರೆ ಕೂಲರ್ ಹಿಡಿಯುದು ಹತ್ತಿರಹತ್ತಿರ 50 ಹೆಚ್ಚಲ್ಲಿ, ಆ 45ರ ಮೇಲೆ ಈ 50 ಸೇರಿಸಿ, ನಿಮ್ಮ ಗುಟ್ಟು ಅಲ್ಲೇ ಗೊತ್ತಾಗ್ತದೆ.

ಇನ್ನೊಂದು, 100 ಅಂತ ತೋರಿಸುದು ಬರೀ ಒಂದು ಟೆಂಪರೇಚರ್ ಅಲ್ಲ, ಅದು ಗೋಡೆ. 12400ಎಫ್‌ಗೆ ಇಂಟೆಲ್ ಹಾಕಿದ ಮಿತಿಯೇ 100 ಡಿಗ್ರಿ, ಅಲ್ಲಿಗೆ ಮುಟ್ಟಿದ ಕೂಡ್ಲೆ ಸಿಪಿಯು ತಾನಾಗಿ ಸ್ಪೀಡ್ ಕಮ್ಮಿ ಮಾಡಿಕೊಂಡು ಅಲ್ಲೇ ತಟ್ಟಾಡ್ತಾ ಇರ್ತದೆ. ಹಾಗಾಗಿ ಟೆಂಪರೇಚರ್ ಮಾತ್ರ ನೋಡಿದ್ರೆ ಸಾಕಾಗುದಿಲ್ಲ, ಎಚ್‌ಡಬ್ಲ್ಯೂಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿ ಕ್ಲಾಕ್, ಅಂದ್ರೆ ಸಿಪಿಯು ಓಡುವ ಸ್ಪೀಡ್, ಎಷ್ಟುಂಟು ನೋಡಿ. ಎಲ್ಲಾ ಆರು ಕೋರ್ ದುಡಿಯುವಾಗ ಈ ಸಿಪಿಯು 4 ಗಿಗಾಹರ್ಟ್ಸ್ ಹತ್ತಿರ ಓಡ್ಬೇಕು, ನಿಮ್ಮದು 3ಕ್ಕೆ ಇಳಿದಿದ್ರೆ ಅದು ಉಸಿರು ಕಟ್ಟಿ ಓಡ್ತಾ ಉಂಟು ಅಂತ ಲೆಕ್ಕ. ಇಡೀ ರಾತ್ರಿಯ ಯಕ್ಷಗಾನ ಆಟ ಎಕ್ಸ್‌ಪೋರ್ಟ್ ಹಾಕುವವರಿಗೆ ಈ ವ್ಯತ್ಯಾಸ ಗಂಟೆಗಟ್ಟಲೆ ಆಗ್ತದೆ.

ಸೀದಾ ಆಫ್ ಆದದ್ದು ಮಾತ್ರ ನನಗೆ ಬೇರೆ ಸಂಶಯ. ಸಿಪಿಯು ಬಿಸಿಯಾದ್ರೆ ಮೊದಲು ನಿಧಾನ ಆಗ್ತದೆ, ತಟಕ್ಕಂತ ಆಫ್ ಆಗುದು ತುಂಬಾ ಕಮ್ಮಿ. ಹಾಗೆ ಆಫ್ ಆದ್ರೆ ನಾನು ಮೊದಲು ನೋಡುದು ಎಸ್‌ಎಂಪಿಎಸ್, ಅಂದ್ರೆ ಪೀಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ. ಈಗಿನ ಕ್ಯಾಬಿನೆಟಲ್ಲಿ ಎಸ್‌ಎಂಪಿಎಸ್ ಕೆಳಗೆ ಇರ್ತದೆ, ಗಾಳಿ ಎಳೆಯುದು ನೆಲದಿಂದ, ಅದಕ್ಕೊಂದು ಜಾಳಿಗೆ ಫಿಲ್ಟರ್ ಉಂಟು, ಆ ಫಿಲ್ಟರ್ ಉಂಟು ಅನ್ನುದೇ ಹತ್ತರಲ್ಲಿ ಎಂಟು ಜನಕ್ಕೆ ಗೊತ್ತಿರುದಿಲ್ಲ. ಕ್ಯಾಬಿನೆಟ್ ಅಡ್ಡ ಮಲಗಿಸಿ ಕೆಳಗೆ ನೋಡಿ, ಕಂಬಳಿ ಹಾಸಿದ ಹಾಗೆ ಧೂಳು ಕೂತಿರ್ತದೆ. ವಿಂಡೋಸಿನ ಈವೆಂಟ್ ವ್ಯೂವರಲ್ಲಿ ಕರ್ನಲ್ ಪವರ್ 41 ಅಂತ ಬರ್ತದೆ, ಜನ ಅದನ್ನು ದೊಡ್ಡ ರೋಗದ ಹೆಸರು ಅಂತ ತಿಳ್ಕೊಂಡು ಹೆದರ್ತಾರೆ, ಅದರ ಅರ್ಥ "ಸರಿಯಾಗಿ ಶಟ್‌ಡೌನ್ ಆಗದೇ ನಿಂತಿದೆ" ಅಂತ ಮಾತ್ರ, ಕಾರಣ ಅದು ಹೇಳುದಿಲ್ಲ. ಸಂಜೆ ಊರಿಡೀ ಲೈಟು, ಪಂಪು, ಎಸಿ ಹಾಕುವಾಗ ವೋಲ್ಟೇಜ್ ಬೀಳ್ತದಲ್ಲಾ, ಆಗ ಎಸ್‌ಎಂಪಿಎಸ್ ಅದೇ ವ್ಯಾಟ್ ಕೊಡ್ಲಿಕ್ಕೆ ಹೆಚ್ಚು ಕರೆಂಟ್ ಎಳೀತದೆ, ಇನ್ನೂ ಬಿಸಿಯಾಗ್ತದೆ. ನಿಮ್ಮದು ಆಫ್ ಆದ ಎರಡು ಸಲವೂ ಸಂಜೆಯಾ ಅಂತ ನೆನಪು ಮಾಡಿ ನೋಡಿ.

ಈಗ ಗಾಳಿಗೆ ಬರುವ. ನಿಮ್ಮ ಪೀಸಿ ಫುಲ್ ಲೋಡಲ್ಲಿ 250ರಿಂದ 300 ವ್ಯಾಟ್ ತಿಂತದೆ ಅಂತಿಟ್ಕೊಳ್ಳಿ, 3060 ಒಂದೇ 170 ವ್ಯಾಟಿನದ್ದು. ಆ ಕರೆಂಟ್ ಎಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರುದು, ಹಳೇ ಕಾಲದ 100 ವ್ಯಾಟಿನ ಬಲ್ಬು ಮೂರು ಖಾನೆಯೊಳಗೆ ಹೊತ್ತಿಸಿ ಬಾಗಿಲು ಹಾಕಿದ ಹಾಗೆ. ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿ, ಫ್ಯಾನ್ ಡಬ್ಬಿಯ ಭಾಷೆಯಲ್ಲಿ ಹೇಳುದಾದ್ರೆ 35 ಸಿಎಫ್ಎಂ, ಕ್ಯಾಬಿನೆಟ್ ಮೂಲಕ ಹಾದು ಹೋದ್ರೆ 300 ವ್ಯಾಟಿಗೆ ಆ ಗಾಳಿ 15 ಡಿಗ್ರಿಯಷ್ಟು ಬಿಸಿಯಾಗಿ ಹೊರಗೆ ಬರ್ತದೆ. ಎರಡರಷ್ಟು ಗಾಳಿ ಹೋದ್ರೆ ಏಳೆಂಟು ಡಿಗ್ರಿ. ಆ ಬಿಸಿ ಗಾಳಿಗೆ ಹೋಗ್ಲಿಕ್ಕೆ ದಾರಿ ಇಲ್ಲ, ಹಿಂದೆ ಪ್ಲೈವುಡ್, ಅದರ ಹಿಂದೆ ಗೋಡೆ, ಹಾಗಾಗಿ ತಿರುಗಿ ಮುಂದೆ ಬಂದು ಪುನಃ ಒಳಗೆ ಹೋಗ್ತದೆ, 33 ಇದ್ದದ್ದು 45, 50 ಆಗುದು ಹೀಗೆ. ಇದಕ್ಕೆ ಲಿಕ್ವಿಡ್ ಕೂಲರ್ ಹಾಕಿದ್ರೆ ಎಂತ ಆಗ್ತದೆ? ನೀರು ಬಿಸಿಯನ್ನು ಸಿಪಿಯುವಿಂದ ರೇಡಿಯೇಟರಿಗೆ ಸಾಗಿಸ್ತದೆ, ರೇಡಿಯೇಟರ್ ಅದೇ ಖಾನೆಯ ಗಾಳಿಗೆ ಬಿಡ್ತದೆ. ಅಡಿಗೆ ಕೋಣೆಯ ಹೊಗೆಯನ್ನು ಚಾವಡಿಗೆ ಕಳಿಸಿ ಮನೆ ಬಾಗಿಲು ಹಾಕಿದ ಹಾಗೆ ಆಯ್ತು.

ಹಾಗಾಗಿ ಮರದ ಕೆಲಸದ ಆಚಾರ್ರನ್ನು ಕರೆಸಿ ಖಾನೆಯ ಹಿಂದಿನ ಪ್ಲೈ ಪೂರ್ತಿ ತೆಗೆಸಿ, ಮುಂದಿನ ಬಾಗಿಲೂ ಬೇಡ, ಟೇಬಲನ್ನು ಗೋಡೆಯಿಂದ ಆರು ಇಂಚು ಈಚೆ ಎಳೀರಿ. ಅದಕ್ಕಿಂತ ಒಳ್ಳೇದು ಅಂದ್ರೆ ಪೀಸಿಯನ್ನು ಖಾನೆಯಿಂದಲೇ ಹೊರಗೆ ತೆಗ್ದು ಒಂದಡಿ ಎತ್ತರದ ಸ್ಟೂಲ್ ಮೇಲೆ ಇಡಿ, ನೆಲದ ಧೂಳೂ ಕಮ್ಮಿ ಹೋಗ್ತದೆ, ನೆಲ ಒರೆಸುವಾಗ ನೀರು ತಾಗುವ ಹೆದರಿಕೆಯೂ ಇಲ್ಲ. ಆಮೇಲೆ ಡೋರ್ ಹಾಕಿಯೇ ಅರ್ಧ ಗಂಟೆ ಎಕ್ಸ್‌ಪೋರ್ಟ್ ಹಾಕಿ ಒಂದು ಸಲ ನೋಡಿ, ಡೋರ್ ತೆಗ್ದು ಒಂದು ಸಲ ನೋಡಿ, ಡೋರ್ ಹಾಕಿ ಮುಂದಿನ ಪ್ಯಾನೆಲ್ ತೆಗ್ದು ಒಂದು ಸಲ. ಮುಂದಿನ ಪ್ಯಾನೆಲ್ ತೆಗ್ದಾಗ ಏಳೆಂಟು ಡಿಗ್ರಿ ಇಳಿದ್ರೆ ನಿಮ್ಮದು ಆ ಗ್ಲಾಸ್ ಮುಖದ, ಬಣ್ಣಬಣ್ಣದ ಲೈಟಿನ ಕ್ಯಾಬಿನೆಟ್. ದೇವರ ಮಂಟಪದ ಹಾಗೆ ಕಾಣ್ತದೆ, ಗಾಳಿ ಹೋಗ್ಲಿಕ್ಕೆ ಬದಿಯಲ್ಲಿ ಎರಡು ಗೆರೆ ಬಿಟ್ಟಿರ್ತಾರೆ. ಅಂಥದ್ದು ನಾನು ಯಾರಿಗೂ ಹೇಳುದಿಲ್ಲ, ಮುಂದೆ ಪೂರ್ತಿ ಜಾಳಿಗೆ ಇರುವ ಕ್ಯಾಬಿನೆಟ್ಟೇ ಸೈ.

ಫ್ಯಾನ್ ಎಷ್ಟು ಅಂತ ಕೇಳ್ತಾರೆ. ಮುಂದೆ 120 ಎಂಎಂದು ಎರಡು ಒಳಗೆ ಎಳೀಲಿ, ಹಿಂದೆ ಒಂದು ಹೊರಗೆ ಹಾಕ್ಲಿ, ಸಾಕು. ಒಳಗೆ ಬರುವ ಗಾಳಿ ಹೊರಗೆ ಹೋಗುದಕ್ಕಿಂತ ಸ್ವಲ್ಪ ಹೆಚ್ಚಿರ್ಬೇಕು, ಆಗ ಸಂದಿಗೊಂದಿಯಿಂದ ಗಾಳಿ ಹೊರಗೆ ತಳ್ಳಲ್ಪಡ್ತದೆ, ಧೂಳು ಬರುದು ಫಿಲ್ಟರ್ ಮೂಲಕ ಮಾತ್ರ. ನಮ್ಮ ಕೆಂಪು ಮಣ್ಣಿನ ಹುಡಿ ಗೊತ್ತುಂಟಲ್ಲಾ, ಫಿಲ್ಟರ್ ಇಲ್ಲದಿದ್ರೆ ಆರು ತಿಂಗಳಲ್ಲಿ ಹೀಟ್‌ಸಿಂಕ್ (ಕೂಲರಿನ ಲೋಹದ ಭಾಗ) ಮುರಕಲ್ಲಿನ ಬಣ್ಣಕ್ಕೆ ತಿರುಗ್ತದೆ. ಫ್ಯಾನ್ ಸ್ಪೀಡ್ ಮಾತ್ರ ಯಾವಾಗ್ಲೂ ಫುಲ್ ಇಡ್ಬೇಡಿ, ಬಯೋಸಲ್ಲಿ (ಪೀಸಿ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗಲ್ಲಿ) ಕರ್ವ್ ಮಾಡಿ, ಬಿಸಿ ಏರಿದ ಹಾಗೆ ಮಾತ್ರ ಸ್ಪೀಡ್ ಏರ್ಲಿ. ಸ್ಪೀಡ್ ಅರ್ಧ ಮಾಡಿದ್ರೆ ಗಾಳಿ ಅರ್ಧ ಆಗ್ತದೆ, ಬೊಬ್ಬೆ ಮಾತ್ರ ಹತ್ತಿರಹತ್ತಿರ 15 ಡೆಸಿಬೆಲ್ ಇಳೀತದೆ. ಅದಕ್ಕೇ ಬೊಬ್ಬೆ ಹಾಕುವ ಒಂದು ಫ್ಯಾನಿಗಿಂತ ಮೆಲ್ಲ ತಿರುಗುವ ಮೂರು ಒಳ್ಳೇದು, ಅದೂ ಭಾಗವತರ ಪದ ಕೇಳಿ ಕಟ್ ಮಾಡುವ ನಿಮಗೆ.

ಇಷ್ಟಾದ್ಮೇಲೆ ಕೂಲರ್. ಬಾಕ್ಸಲ್ಲಿ ಬಂದದ್ದು ಆ ಸಿಪಿಯುವಿನ 65 ವ್ಯಾಟಿಗೆ ಸಾಕು, ಟರ್ಬೋದಲ್ಲಿ, ಅಂದ್ರೆ ಸ್ಪೀಡ್ ಏರಿಸಿಕೊಂಡಾಗ, ಅದು 117ರ ವರೆಗೆ ಎಳೀಬಹುದು ಅಂತ ಇಂಟೆಲ್ಲೇ ಬರೆದಿದೆ, ಕೆಲವು ಮದರ್‌ಬೋರ್ಡ್ ಆ ಮಿತಿಯನ್ನು ಸಡಿಲ ಬಿಟ್ಟಿರ್ತವೆ. ಬಯೋಸಲ್ಲಿ ಪವರ್ ಲಿಮಿಟ್ ಅಂತ ಹುಡುಕಿ, ಪಿಎಲ್1, ಪಿಎಲ್2 ಎರಡೂ ಇರ್ತದೆ, ಮೊದಲನೇದು ಹೆಚ್ಚು ಹೊತ್ತಿನ ಮಿತಿ, ಎರಡನೇದು ಸ್ವಲ್ಪ ಹೊತ್ತಿನ ಟರ್ಬೋದ್ದು, ಮೊದಲನೇದು 65 ಇದೆಯಾ ನೋಡಿ. ಆಮೇಲೂ ನಿಮಗೆ 85 ದಾಟಿದ್ರೆ ನಾಲ್ಕು ಹೀಟ್‌ಪೈಪಿನ ಒಂದು ಟವರ್ ಕೂಲರ್ ಹಾಕಿ, ಎರಡು ಸಾವಿರದ ಆಸುಪಾಸಲ್ಲಿ ಆಗ್ತದೆ. ಹಳೇದು ಯಾರತ್ರವಾದ್ರೂ ಇದ್ರೆ ತೆಗೊಳ್ಳುವಾಗ ಜಾಗ್ರತೆ, ನಿಮ್ಮ ಸಿಪಿಯು ಕೂರುವ ಎಲ್‌ಜಿಎ 1700 ಸಾಕೆಟಿಗೆ ಸ್ಕ್ರೂ ತೂತು 78 ಎಂಎಂ ಅಂತರ, ಅದಕ್ಕಿಂತ ಹಿಂದಿನದ್ದು 75, ಬ್ರಾಕೆಟ್ ಬೇರೆಯೇ ಬೇಕು. ಹೀಟ್‌ಪೈಪ್ ಅಂದ್ರೆ ಬರೀ ತಾಮ್ರದ ಸರಳು ಅಂತ ಜನ ತಿಳ್ಕೊಂಡಿದ್ದಾರೆ, ಅಲ್ಲ, ಅದು ಪೊಳ್ಳು, ಒಳಗೆ ನಾಲ್ಕು ಹನಿ ನೀರು ಇರ್ತದೆ. ಸಿಪಿಯು ಕಡೆಯ ತುದಿಯಲ್ಲಿ ಬಿಸಿಗೆ ಆವಿಯಾಗಿ ಆಚೆ ತುದಿಗೆ ಹೋಗ್ತದೆ, ಅಲ್ಲಿ ತಣ್ಣಗಾಗಿ ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿ ಕಟ್ಟಿದ ಹಾಗೆ ಕಟ್ಟಿ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಒಳಗಿನ ಪದರದ ಮೂಲಕ ಪುನಃ ಸಿಪಿಯು ಕಡೆಗೆ ಬರ್ತದೆ. ಪಂಪಿಲ್ಲ, ಪೈಪ್ ಲೀಕಿಲ್ಲ, ಫ್ಯಾನ್ ಹೋದ್ರೆ ಮುನ್ನೂರು ರೂಪಾಯಿದು ಇನ್ನೊಂದು. ಲಿಕ್ವಿಡ್ ಕೂಲರಲ್ಲಿ ಪಂಪ್ ಹೋದ್ರೆ ಇಡೀದೇ ಹೋಯ್ತು, ಮತ್ತೆ ಅದರ ರೇಡಿಯೇಟರಿನ ತೆಳು ಅಲ್ಯೂಮಿನಿಯಂ ಕಡ್ಡಿಗಳಿಗೆ ನಿಮ್ಮ ಸಮುದ್ರದ ಗಾಳಿ ಎಂತ ಮಾಡ್ತದೆ ಅಂತ ತಿಳೀಬೇಕಾದ್ರೆ ಯಾವುದಾದ್ರೂ ಮಲ್ಪೆ ಮನೆಯ ಎಸಿಯ ಹೊರಗಿನ ಯೂನಿಟ್ ಹೋಗಿ ನೋಡಿ, ನಾಲ್ಕು ಮಳೆಗಾಲ ಕಂಡದ್ದು ಮುಟ್ಟಿದ್ರೆ ಹುಡಿ.

ಪೇಸ್ಟ್ ಬಗ್ಗೆ ಎರಡೇ ಮಾತು. ಒಂದು ಬಟಾಣಿಯಷ್ಟು ಸಾಕು, ಬನ್ಸಿಗೆ ಬೆಣ್ಣೆ ಸವರಿದ ಹಾಗೆ ಬೇಡ. ತಾಮ್ರದ ಎದುರು ಪೇಸ್ಟ್ ಎಂತದೂ ಅಲ್ಲ, ನಡುವಿನ ಸಣ್ಣ ಗಾಳಿ ಗುಳಿ ತುಂಬ್ಲಿಕ್ಕೆ ಮಾತ್ರ ಅದು ಇರುದು.

ಇನ್ನು ನಿಜವಾಗಿ ನಮ್ಮ ಕಡೆ ಪೀಸಿ ಕೊಲ್ಲುದು ಯಾವುದು ಅಂತ ಕೇಳಿದ್ರೆ ಉಪ್ಪು ಮತ್ತೆ ಪಸೆ. ಉಪ್ಪಿಗೆ ಒಂದು ಗುಣ ಉಂಟು, ಗಾಳಿಯ ತೇವ ಸುಮಾರು 75 ಪರ್ಸೆಂಟ್ ದಾಟಿದ್ರೆ ಅದು ತಾನಾಗಿ ನೀರು ಎಳ್ಕೊಂಡು ಕರಗ್ತದೆ, ಮಳೆಗಾಲದಲ್ಲಿ ಅಡಿಗೆ ಮನೆಯ ಉಪ್ಪಿನ ಡಬ್ಬಿ ನೋಡಿದ್ರೆ ಗೊತ್ತಾಗ್ತದಲ್ಲಾ. ಕಾಪು, ಮಲ್ಪೆ, ಪಣಂಬೂರು, ಉಳ್ಳಾಲದ ಗಾಳಿಯಲ್ಲಿ ಬಂದ ಉಪ್ಪು ಧೂಳಿನ ಜೊತೆ ಬೋರ್ಡ್ ಮೇಲೆ ಕೂತಿರ್ತದೆ, ಜೂನಲ್ಲಿ ಅದೇ ಧೂಳು ಒದ್ದೆ ಉಪ್ಪುನೀರಿನ ಪದರ ಆಗ್ತದೆ, ಅದು ಕರೆಂಟ್ ಹರಿಸ್ತದೆ, ತಾಮ್ರ ಹಸಿರು ಹಿಡೀತದೆ. ಅಂದ್ರೆ ನೀವು ಬಿಸಿಗೆ ಹೆದರಿ ಡೋರ್ ತೆಗ್ದು ಕಿಟಕಿ ಕಡೆಯಿಂದ ಟೇಬಲ್ ಫ್ಯಾನ್ ಹಾಕ್ತೀರಲ್ಲಾ, ಅದು ಬಿಸಿಗೆ ಮದ್ದು, ಉಪ್ಪಿಗೆ ಆಮಂತ್ರಣ. ಎರಡು ವಾರಕ್ಕೆ ಓಕೆ, ಎರಡು ವರ್ಷಕ್ಕೆ ಅಲ್ಲ. ಮತ್ತೆ ಹಲ್ಲಿ! ತೆರೆದ ಕ್ಯಾಬಿನೆಟಿಗೆ ಬೆಚ್ಚಗೆ ಉಂಟು ಅಂತ ಹಲ್ಲಿ ಬರ್ತದೆ, ಎಸ್‌ಎಂಪಿಎಸ್ ಒಳಗೆ ಹೋಗ್ತದೆ, ಎರಡೂ ಒಟ್ಟಿಗೆ ತೀರಿಕೊಳ್ತವೆ. ನನ್ನ ಮೇಜಿಗೆ ಪ್ರತೀ ವರ್ಷ ಇಂಥದ್ದು ಎರಡು ಮೂರು ಬರ್ತದೆ.

ಕ್ಲೀನ್ ಮಾಡ್ಲಿಕ್ಕೆ ಒಳ್ಳೇ ಸಮಯ ಪತ್ತನಾಜೆ, ತುಳುವಿನ ಬೇಶ ತಿಂಗಳ ಹತ್ತನೇ ದಿನ. ಮೇ 24, 25ರ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ನಿಮಗೂ ಕೆಲಸ ಕಮ್ಮಿ, ಮಳೆ ಹಿಡೀಲಿಕ್ಕೆ ವಾರ ಹತ್ತು ದಿನ ಇರ್ತದೆ. ಉಪ್ಪಿನ ಧೂಳು ಒಣಗಿರುವಾಗಲೇ ಹೋಗ್ಬೇಕು, ಒದ್ದೆಯಾದ್ಮೇಲೆ ಅಂಟು. ಮೆತ್ತನೆ ಬ್ರಶ್, ಸಣ್ಣ ಎಲೆಕ್ಟ್ರಿಕ್ ಬ್ಲೋವರ್, ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡ್ಕೊಂಡೇ ಊದಿ, ಇಲ್ಲದಿದ್ರೆ ಅದು ಗಿರ್ರಂತ ತಿರುಗಿ ಬೇರಿಂಗ್ ಹಾಳಾಗ್ತದೆ. ಎಸ್‌ಎಂಪಿಎಸ್ ಬಿಚ್ಚಲಿಕ್ಕೆ ಹೋಗ್ಬೇಡಿ, ಪ್ಲಗ್ ತೆಗ್ದ ಮೇಲೂ ಅದರ ಕೆಪಾಸಿಟರಲ್ಲಿ ಕರೆಂಟ್ ನಿಂತಿರ್ತದೆ, ಹೊರಗಿಂದಲೇ ಊದಿ. ಮತ್ತೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರ ತೆಗೊಂಡು ಹೋಗುದು ಉಂಟಲ್ಲಾ, ದಮ್ಮಯ್ಯ ಬೇಡ. ಕೆಲಸ ಕಲಿಯುವ ಕಾಲದಲ್ಲಿ ನಾನೇ ಒಂದು ಮದರ್‌ಬೋರ್ಡ್ ಹಾಗೆ ತೆಗೊಂಡು ಹೋಗಿದ್ದೆ, ಧೂಳೆಲ್ಲ ಪಟಪಟ ಹಾರಿತು, ಖುಷಿಯಲ್ಲಿ ತಂದು ಆನ್ ಮಾಡಿದೆ, ಒಂದು ಸಲ ಫ್ಯಾನ್ ತಿರುಗಿತು, ಮತ್ತೆ ಯಾವತ್ತೂ ತಿರುಗಲಿಲ್ಲ. ನಮ್ಮ ಒದ್ದೆ ಗಾಳಿಯನ್ನು ಒತ್ತಿ ತುಂಬಿದ್ರೆ ಆ ಟ್ಯಾಂಕಲ್ಲಿ ನೀರು ನಿಲ್ತದೆ, ಎಣ್ಣೆಯೂ ಇರ್ತದೆ, ಎಲ್ಲ ಒಟ್ಟಿಗೆ ಬೋರ್ಡ್ ಮೇಲೆ. ಆ ಬೋರ್ಡಿನ ಹಣ ನನ್ನ ಎರಡು ತಿಂಗಳ ಸಂಬಳದಲ್ಲಿ ಹೋಯ್ತು.

ಮಳೆಗಾಲದಲ್ಲಿ ಕೆಲಸ ಇಲ್ಲದಿದ್ರೂ ದಿನಾ ಒಂದು ಗಂಟೆ ಆನ್ ಮಾಡಿ ಇಡಿ, ಒಳಗೆ ಬೆಚ್ಚಗಾದ್ರೆ ಪಸೆ ಹೋಗ್ತದೆ. ಗುಡುಗು ಇದ್ದ ದಿನ ಬೇಡ, ಪ್ಲಗ್ಗೇ ತೆಗೀರಿ. ಪ್ಲಾಸ್ಟಿಕ್ ಕವರ್ ಹಾಕ್ಬೇಡಿ, ಒಳಗೆ ಬೆವರಿ ನಿಲ್ತದೆ, ಹಳೇ ಬೈರಾಸು (ಟವೆಲ್) ಸಾಕು, ಆನ್ ಮಾಡುವ ಮೊದಲು ತೆಗೀಲಿಕ್ಕೆ ನೆನಪಿದ್ರೆ ಆಯ್ತು. ಕ್ಯಾಬಿನೆಟ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುದು ಮೂಢನಂಬಿಕೆ, ತೂತುತೂತಾದ ಡಬ್ಬಿಯಲ್ಲಿ ಅದು ಇಡೀ ಅರಬ್ಬೀ ಸಮುದ್ರವನ್ನು ಒಣಗಿಸ್ಬೇಕಾದೀತು.

ಎಸಿ? ನಿಮಗೋಸ್ಕರ ಹಾಕುದಾದ್ರೆ ಹಾಕಿ, ರೂಮ್ 34ರಿಂದ 26ಕ್ಕೆ ಬಂದ್ರೆ ಪೀಸಿಯೂ ಎಂಟು ಡಿಗ್ರಿ ಇಳೀತದೆ, ಗಾಳಿ ಒಣಗ್ತದೆ, ಉಪ್ಪಿಗೂ ಒಳ್ಳೇದೇ. ಪೀಸಿಗೋಸ್ಕರ ಮಾತ್ರ ಅಂದ್ರೆ 300 ವ್ಯಾಟ್ ಹೊರಗೆ ಹಾಕ್ಲಿಕ್ಕೆ ಸಾವಿರ ವ್ಯಾಟ್ ಉರಿಸಿದ ಹಾಗೆ. ಎಸಿ ಆಫ್ ಮಾಡಿ ಕಿಟಕಿ ತೆಗೆಯುವ ಅಭ್ಯಾಸ ಇದ್ರೆ ಜಾಗ್ರತೆ, ತಣ್ಣಗಾದ ಕಬ್ಬಿಣದ ಮೇಲೆ ಹೊರಗಿನ ಗಾಳಿ ತಾಗಿದ ಕೂಡ್ಲೆ ಐಸ್‌ಕ್ಯಾಂಡಿ ಕವರಿನ ಹಾಗೆ ನೀರು ಕೂರ್ಬಹುದು, ಆಗ ಅರ್ಧ ಗಂಟೆ ಬಿಟ್ಟು ಆನ್ ಮಾಡಿ. ನೀರು ತುಂಬಿಸುವ ಆ ಕೂಲರ್ ಇದೆಯಲ್ಲಾ, ಅದನ್ನು ಪೀಸಿ ಇರುವ ರೂಮಿಗೇ ತರ್ಬೇಡಿ. ಅದು ಕೆಲಸ ಮಾಡುದು ಒಣ ಊರಲ್ಲಿ, ಇಲ್ಲಿ ಅದು ಪಸೆ ಹಂಚುವ ಮಿಶಿನ್.

ಒಂದು ಕೊಸರು. ಡೆಸ್ಕ್‌ಟಾಪಲ್ಲಿ ಸುಮ್ಮನೆ ಇರುವಾಗ 3060ರ ಫ್ಯಾನ್ ನಿಂತಿದ್ರೆ ಹಾಳಾಗಿದೆ ಅಂತ ಅಂಗಡಿಗೆ ಓಡ್ಬೇಡಿ, ತುಂಬಾ ಕಾರ್ಡ್‌ಗಳಲ್ಲಿ ಬಿಸಿ ಕಮ್ಮಿ ಇದ್ರೆ ಅದು ತಿರುಗುದೇ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್ ಬದಲಿಸುವ ಅಫ್ಟರ್‌ಬರ್ನರ್ ಸಾಫ್ಟ್‌ವೇರಲ್ಲಿ ಪವರ್ ಲಿಮಿಟ್ 80 ಪರ್ಸೆಂಟಿಗೆ ಇಳಿಸಿ ನೋಡಿ, ಎಡಿಟಿಂಗಲ್ಲಿ ವ್ಯತ್ಯಾಸ ಗೊತ್ತಾಗುದು ಕಷ್ಟ, 30 ವ್ಯಾಟ್ ಬಿಸಿ ಮಾತ್ರ ಕಮ್ಮಿ.

ಈ ವಾರ ಮಾಡ್ಬೇಕಾದ್ದು ಎಸ್‌ಎಂಪಿಎಸ್ ಫಿಲ್ಟರ್ ತೊಳೆದು ಒಣಗಿಸಿ ಹಾಕುದು, ಪ್ಲೈ ತೆಗೆಸುದು. ಆಚಾರ್ರು ಬರುವ ದಿನ ಪೀಸಿಯನ್ನು ಆಚೆ ಕೋಣೆಗೆ ತೆಗೊಂಡು ಹೋಗಿ ಬಾಗಿಲು ಹಾಕಿ, ಗರಗಸದ ಹುಡಿ ಆ ಹೀಟ್‌ಸಿಂಕೊಳಗೆ ಹೊಕ್ಕಿದ್ರೆ ಬ್ಲೋವರಿಗೂ ಬರುದಿಲ್ಲ.